ಹನಿಯಾದರೆ ಮದ್ದು, ಚಮಚವಾದರೆ ವಿಷ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಎಣ್ಣೆ ಎಂದರೆ ಮೊದಲು ನೆನಪಾಗುವುದು ಕೊಬ್ಬರಿ ಎಣ್ಣೆ. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಉಂಡೆ ಕೊಬ್ಬರಿ ಮಾರುಕಟ್ಟೆಗೆ ಹೋಗುತ್ತದೆ. ಒಡೆದದ್ದು, ಚೂರಾದದ್ದು ಗಾಣಕ್ಕೆ ಹೋಗಿ ಎಣ್ಣೆಯಾಗಿ ಮನೆಗೆ ಬರುತ್ತದೆ. ಹಸುಗೂಸಿನ ನೆತ್ತಿಗೆ, ಬಾಣಂತಿಯ ಬೆನ್ನಿಗೆ, ಶಾಲೆಗೆ ಹೊರಟ ಹುಡುಗಿಯ ಜಡೆಗೆ, ಅಜ್ಜನ ಮೊಣಕಾಲಿಗೆ ಎಲ್ಲಕ್ಕೂ ಅದೇ. ಇದನ್ನು ಅಳತೆ ನೋಡಿ ಹಚ್ಚುವ ರೂಢಿ ಯಾರಿಗೂ ಇಲ್ಲ. ಅಂಗೈ ತುಂಬ ಸುರಿದುಕೊಂಡು ತಿಕ್ಕಿದರೂ ಕೆಡುಕೇನೂ ಆಗುವುದಿಲ್ಲ.

ಅದೇ ಎಣ್ಣೆ ಡಬ್ಬಿಯ ಪಕ್ಕದಲ್ಲಿ, ಅದೇ ಗೋಡೆಯ ಗೂಡಿನಲ್ಲಿ, ಹಲವು ಮನೆಗಳಲ್ಲಿ ಇನ್ನೊಂದು ಪುಟ್ಟ ಸೀಸೆ ಇರುತ್ತದೆ. ಊಟಿಗೆ ಹೋದವರು ಯಾರೋ ತಂದುಕೊಟ್ಟದ್ದು, ಇಲ್ಲವೇ ಪೇಟೆಯ ಔಷಧಿ ಅಂಗಡಿಯಲ್ಲಿ ಕೊಂಡದ್ದು. ಅದು ನೀಲಗಿರಿ ಎಣ್ಣೆ. ಅದರ ಪಕ್ಕದಲ್ಲೇ ಕರ್ಪೂರದ ಡಬ್ಬಿ. ನೆಗಡಿ, ತಲೆನೋವು, ಮೈಕೈ ನೋವು ಬಂದಾಗ ಇವೆರಡೂ ಗೂಡಿನಿಂದ ಕೆಳಗಿಳಿಯುತ್ತವೆ. ಹಿತವಾಗಿ ಬಳಸಿದರೆ ಇವುಗಳಿಂದ ಉಪಯೋಗವಿದೆ. ಆದರೆ ಹೆಸರಿನಲ್ಲಿ ‘ಎಣ್ಣೆ’ ಎಂದಿರುವುದರಿಂದ ನಾವು ಇವನ್ನೂ ಕೊಬ್ಬರಿ ಎಣ್ಣೆಯ ಧಾರಾಳದಲ್ಲೇ ಬಳಸಿಬಿಡುತ್ತೇವೆ. ತೊಂದರೆ ಆರಂಭವಾಗುವುದು ಅಲ್ಲಿಂದ. ಈ ವಾರ ಅದರ ಬಗ್ಗೆ ಸ್ವಲ್ಪ ತಿಳಿದುಕೊಳ್ಳೋಣ.

ಎರಡು ಜಾತಿಯ ಎಣ್ಣೆ

ಇವೆರಡೂ ಬೇರೆ ಬೇರೆ ಜಾತಿಯವು ಎಂಬುದನ್ನು ನೀವೇ ಮನೆಯಲ್ಲಿ ಪರೀಕ್ಷಿಸಿ ನೋಡಬಹುದು. ಒಂದು ಬಿಳಿ ಕಾಗದದ ಮೇಲೆ ಒಂದು ಹನಿ ಕೊಬ್ಬರಿ ಎಣ್ಣೆ, ಸ್ವಲ್ಪ ದೂರದಲ್ಲಿ ಒಂದು ಹನಿ ನೀಲಗಿರಿ ಎಣ್ಣೆ ಹಾಕಿ ಗಾಳಿಗೆ ಇಡಿ. ಕೊಬ್ಬರಿ ಎಣ್ಣೆಯ ಜಿಡ್ಡಿನ ಕಲೆ ಮರುದಿನವೂ ಹಾಗೆಯೇ ಇರುತ್ತದೆ. ನೀಲಗಿರಿ ಎಣ್ಣೆ ವಾಸನೆಯಾಗಿ ಹಾರಿಹೋಗಿ ಕಾಗದ ಬಹುಮಟ್ಟಿಗೆ ಮೊದಲಿನಂತಾಗುತ್ತದೆ. ಅದರ ಜಾಗದಲ್ಲಿಯೂ ಜಿಡ್ಡಿನ ಕಲೆ ಉಳಿದರೆ, ಮಾರಿದವರು ಬೇರೆ ಎಣ್ಣೆ ಬೆರೆಸಿರಬಹುದೆಂದು ಅನುಮಾನಪಡಬೇಕು.

ಕೊಬ್ಬರಿ ಎಣ್ಣೆ ಸ್ಥಿರ ತೈಲ. ಅದು ಆಹಾರದ ಕೊಬ್ಬು. ಅದರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಲಾರಿಕ್ ಆಮ್ಲವೇ ಇರುತ್ತದೆ. ತಿಂದರೆ ಜೀರ್ಣವಾಗುತ್ತದೆ, ಹಚ್ಚಿದರೆ ಬಹುಪಾಲು ಚರ್ಮದ ಮೇಲೆಯೇ ಉಳಿದು ತೇವ ಆರದಂತೆ ಕಾಪಾಡುತ್ತದೆ. ನೀಲಗಿರಿ ಎಣ್ಣೆ ಆವಿಯಾಗುವ ತೈಲ. ಸೊಪ್ಪಿಗೆ ನೀರಿನ ಹಬೆ ಹಾಯಿಸಿ, ಆ ಹಬೆಯನ್ನು ತಣಿಸಿ, ಮೇಲೆ ತೇಲುವ ಎಣ್ಣೆಯನ್ನು ಬೇರ್ಪಡಿಸಿ ಇದನ್ನು ತೆಗೆಯುತ್ತಾರೆ. ಇದರ ಮುಖ್ಯ ಅಂಶದ ಹೆಸರು ಸಿನಿಯೋಲ್. ಬಹಳ ಸಣ್ಣ ಕಣಗಳಾದ್ದರಿಂದ ಇದು ಚರ್ಮ, ಶ್ವಾಸಕೋಶ, ಹೊಟ್ಟೆ ಯಾವುದರ ಮೂಲಕವಾದರೂ ಬೇಗ ರಕ್ತಕ್ಕೆ ಸೇರಿ ಮಿದುಳನ್ನು ತಲುಪಬಲ್ಲದು.

ನೂರು ಕಿಲೋ ಸೊಪ್ಪು ಬೇಯಿಸಿದರೆ ಸಿಗುವ ಎಣ್ಣೆ ಸುಮಾರು ಒಂದು ಕಿಲೋ ಆಸುಪಾಸು. ಅಂದರೆ ಒಂದು ಚಹಾ ಚಮಚ ನೀಲಗಿರಿ ಎಣ್ಣೆಯಲ್ಲಿ ಹತ್ತಿರ ಹತ್ತಿರ ಅರ್ಧ ಕಿಲೋ ಸೊಪ್ಪಿನ ಸತ್ವ ಅಡಗಿದೆ. ಅರ್ಧ ಕಿಲೋ ನೀಲಗಿರಿ ಸೊಪ್ಪನ್ನು ಯಾರೂ ತಿನ್ನಲಾರರು. ಆದರೆ ಒಂದು ಚಮಚ ಎಣ್ಣೆಯನ್ನು ಒಂದೇ ಗುಟುಕಿಗೆ ನುಂಗಿಬಿಡಬಹುದು.

ಈ ಮರ ನಮ್ಮ ನಾಡಿನದಲ್ಲ, ಆಸ್ಟ್ರೇಲಿಯಾದ್ದು. ಟಿಪ್ಪು ಸುಲ್ತಾನನ ಕಾಲದಲ್ಲಿ, ಸುಮಾರು 1790ರ ಹೊತ್ತಿಗೆ, ನಂದಿಬೆಟ್ಟದ ತೋಟಕ್ಕೆ ಇದು ಬಂದಿತೆಂದು ದಾಖಲೆಗಳು ಹೇಳುತ್ತವೆ. ಊಟಿಯ ಬೆಟ್ಟಗಳಿಗೆ 1843ರಲ್ಲಿ ಬಂತು. ಆ ಬೆಟ್ಟಗಳ ಹೆಸರೇ ಮರಕ್ಕೂ ಎಣ್ಣೆಗೂ ಅಂಟಿಕೊಂಡಿತು. ಔಷಧಿಯ ಎಣ್ಣೆ ಬರುವುದು ಹೆಚ್ಚಾಗಿ ಬೆಟ್ಟದ ತಂಪಿನಲ್ಲಿ ಬೆಳೆಯುವ ಜಾತಿಯಿಂದ. ನಮ್ಮ ಬಯಲುಸೀಮೆಯ ನೀಲಗಿರಿ ತೋಪುಗಳಲ್ಲಿರುವುದು ಬೇರೆ ಜಾತಿ, ಅದರ ಎಲೆಯಲ್ಲಿ ಎಣ್ಣೆ ಕಡಿಮೆ.

ಇದರಿಂದ ಏನು ಪ್ರಯೋಜನ?

ಮೊದಲನೆಯದು ನೆಗಡಿ. ನೀಲಗಿರಿ ಎಣ್ಣೆಯ ವಾಸನೆ ಮೂಗಿನೊಳಗಿನ ತಂಪು ಗ್ರಹಿಸುವ ನರಗಳನ್ನು ಪ್ರಚೋದಿಸುತ್ತದೆ. ಕಟ್ಟಿದ ಮೂಗು ಬಿಟ್ಟಂತೆ, ಉಸಿರು ಸರಾಗವಾದಂತೆ ಅನಿಸುತ್ತದೆ. ನೆಗಡಿಯ ವೈರಸ್ಸನ್ನು ಅದು ಕೊಲ್ಲುವುದಿಲ್ಲ. ನೆಗಡಿ ತನ್ನ ಕಾಲಕ್ಕೆ ತಾನೇ ಹೋಗುತ್ತದೆ. ಆದರೆ ರಾತ್ರಿ ನಿದ್ದೆ ಬಂದರೆ ಅದೇನು ಸಣ್ಣ ಉಪಕಾರವಲ್ಲ. ಕರ್ಪೂರ, ಮೆಂಥಾಲ್, ನೀಲಗಿರಿ ಎಣ್ಣೆ ಬೆರೆತ ಮುಲಾಮಿನ ಬಗ್ಗೆ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಎರಡರಿಂದ ಹನ್ನೊಂದು ವರ್ಷದ 138 ಮಕ್ಕಳ ಮೇಲೆ ನಡೆದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಮುಲಾಮು ಹಚ್ಚಿದ ಮಕ್ಕಳು, ಅವರ ಜೊತೆಗೆ ತಂದೆತಾಯಿಯರು, ಉಳಿದವರಿಗಿಂತ ಚೆನ್ನಾಗಿ ನಿದ್ದೆ ಮಾಡಿದರು. ಕೆಲವು ಮಕ್ಕಳಿಗೆ ಚರ್ಮ ಮತ್ತು ಕಣ್ಣಿನ ಉರಿಯೂ ಆಯಿತು. ಎರಡು ವರ್ಷಕ್ಕಿಂತ ಚಿಕ್ಕ ಮಕ್ಕಳನ್ನು ಈ ಅಧ್ಯಯನಕ್ಕೆ ಸೇರಿಸಿಕೊಂಡೇ ಇರಲಿಲ್ಲ ಎಂಬುದನ್ನು ಗಮನಿಸಿ.

ಎರಡನೆಯದು ಮೈಕೈ ನೋವು. ದಿನವಿಡೀ ಕಾಯಿ ಸುಲಿದವರ ಭುಜ, ಗೊಬ್ಬರ ಹೊತ್ತವರ ಸೊಂಟ ಸಂಜೆಗೆ ಬಿಗಿದುಕೊಂಡಿರುತ್ತವೆ. ನೀಲಗಿರಿ ಬೆರೆತ ಎಣ್ಣೆ ತಿಕ್ಕಿದಾಗ ಚರ್ಮ ಬೆಚ್ಚಗಾಗುತ್ತದೆ, ಆ ಬಿಸುಪು ಒಳಗಿನ ನೋವನ್ನು ಮರೆಸುತ್ತದೆ. ಇದು ತಾತ್ಕಾಲಿಕ ಶಮನ. ಕೀಲು ಊದಿಕೊಂಡಿದ್ದರೆ, ನೋವು ವಾರಗಟ್ಟಲೆ ಹೋಗದಿದ್ದರೆ ವೈದ್ಯರಿಗೆ ತೋರಿಸಬೇಕು.

ಮೂರನೆಯದು ಸೊಳ್ಳೆ. ಇಲ್ಲಿ ಒಂದು ಗೊಂದಲವಿದೆ. ಸೊಳ್ಳೆ ಓಡಿಸಲು ಅಮೆರಿಕದ ಆರೋಗ್ಯ ಇಲಾಖೆ 2005ರಿಂದ ಶಿಫಾರಸು ಮಾಡುತ್ತಿರುವುದು ನಿಂಬೆ ವಾಸನೆಯ ಬೇರೊಂದು ಜಾತಿಯ ನೀಲಗಿರಿಯಿಂದ ಸಂಸ್ಕರಿಸಿ ತೆಗೆದ ಪದಾರ್ಥವನ್ನು. ಅದನ್ನೂ ಮೂರು ವರ್ಷದೊಳಗಿನ ಮಕ್ಕಳಿಗೆ ಹಚ್ಚಬಾರದು. ನಿಮ್ಮ ಗೂಡಿನ ಸೀಸೆಯಲ್ಲಿರುವುದು ಅದಲ್ಲ. ಡೆಂಗಿಯಿಂದ ಪಾರಾಗಲು ಸೊಳ್ಳೆಪರದೆಯನ್ನೇ ನಂಬಿ. ತೋಟದಲ್ಲಿ ಬಿದ್ದ ಕರಟ, ಎಳನೀರು ಬುರುಡೆಗಳಲ್ಲಿ ನೀರು ನಿಲ್ಲದಂತೆ ನೋಡಿಕೊಳ್ಳಿ.

ಹಲ್ಲುನೋವಿಗೆ ಬಳಸುವ ಲವಂಗದ ಎಣ್ಣೆಯೂ ಇದೇ ಆವಿತೈಲದ ಜಾತಿಯದು. ಹತ್ತಿಯ ತುದಿಗೆ ಒಂದು ಹನಿ ಹಾಕಿ ಹುಳುಕಿನ ಮೇಲೆ ಮುಟ್ಟಿಸಿದರೆ ದಂತವೈದ್ಯರ ಬಳಿ ಹೋಗುವವರೆಗೆ ನೋವು ತಡೆಯುತ್ತದೆ. ಪದೇ ಪದೇ ಹಚ್ಚಿದರೆ ಒಸಡು ಸುಡುತ್ತದೆ. ಮಕ್ಕಳು ಇದನ್ನು ನುಂಗಿದರೆ ಯಕೃತ್ತಿಗೆ ಪೆಟ್ಟು ಬೀಳುತ್ತದೆ.

ದೊಡ್ಡವರು ಬಳಸುವ ಬಗೆ

ಆವಿತೈಲವನ್ನು ಹಾಗೆಯೇ ಮೈಗೆ ಹಚ್ಚಬಾರದು. ಸ್ಥಿರ ತೈಲದಲ್ಲಿ ಬೆರೆಸಿ ಹಚ್ಚಬೇಕು. ಈ ಕೆಲಸಕ್ಕೆ ನಮ್ಮ ಕೊಬ್ಬರಿ ಎಣ್ಣೆ ಒಳ್ಳೆಯದು. ಆರು ಚಹಾ ಚಮಚ, ಅಂದರೆ ಸುಮಾರು 30 ಮಿಲಿಲೀಟರ್ ಕೊಬ್ಬರಿ ಎಣ್ಣೆಗೆ ಹತ್ತರಿಂದ ಹನ್ನೆರಡು ಹನಿ ನೀಲಗಿರಿ ಎಣ್ಣೆ ಸಾಕು. ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟಿದ್ದರೆ ಮೊದಲು ಅದನ್ನು ಮಾತ್ರ ಬಿಸಿನೀರಿನಲ್ಲಿಟ್ಟು ಕರಗಿಸಿ. ಅದು ಒಲೆಯಿಂದ ದೂರ ಬಂದ ಮೇಲೆ ನೀಲಗಿರಿ ಬೆರೆಸಿ. ಈ ಎಣ್ಣೆಗೆ ಬೆಂಕಿ ಬೇಗ ಹತ್ತುತ್ತದೆ ಎಂಬುದು ನೆನಪಿರಲಿ.

ಮೊದಲ ಸಲ ಹಚ್ಚುವವರು ಮೊಣಕೈ ಒಳಭಾಗಕ್ಕೆ ಸ್ವಲ್ಪ ಹಚ್ಚಿ ಒಂದು ದಿನ ಕಾದು ನೋಡಿ. ಕೆಂಪಾಗದೆ, ತುರಿಕೆಯಾಗದೆ ಇದ್ದರೆ ಮುಂದುವರಿಯಿರಿ. ಗಾಯ, ಕಣ್ಣು, ಮೂಗಿನ ಒಳಭಾಗಕ್ಕೆ ತಾಗಿಸಬೇಡಿ. ಹಚ್ಚಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ. ಅದೇ ಕೈಯಲ್ಲಿ ಮಗುವನ್ನು ಎತ್ತಿಕೊಳ್ಳಬೇಡಿ.

ಮೂಗು ಕಟ್ಟಿದಾಗ ಕರವಸ್ತ್ರಕ್ಕೆ ಒಂದೆರಡು ಹನಿ ಹಾಕಿ ಮೂಸಿದರೆ ಸಾಕು. ಕುದಿಯುವ ನೀರಿನ ಪಾತ್ರೆಯ ಮೇಲೆ ಕಂಬಳಿ ಹೊದ್ದು ಹಬೆ ತೆಗೆದುಕೊಳ್ಳುವ ಪದ್ಧತಿಯಲ್ಲಿ ಎಣ್ಣೆಗಿಂತ ನೀರೇ ಹೆಚ್ಚು ಅಪಾಯಕಾರಿ. 2020 ಮತ್ತು 2021ರಲ್ಲಿ ಕೋವಿಡ್ ಹೆದರಿಕೆಯಿಂದ ಮನೆಮನೆಯಲ್ಲೂ ಹಬೆ ಹಿಡಿದಾಗ ಬಿಸಿನೀರು ಚೆಲ್ಲಿ ಸುಟ್ಟುಕೊಂಡವರು, ಅದರಲ್ಲೂ ಮಕ್ಕಳು, ಆಸ್ಪತ್ರೆಗಳಿಗೆ ಬಂದರು. ಮಕ್ಕಳಿಗೆ ಹಬೆ ಬೇಡ. ಆಸ್ತಮಾ ಇರುವವರಿಗೆ ಈ ಘಾಟೇ ಉಬ್ಬಸ ತರಬಹುದು. ಗರ್ಭಿಣಿಯರು ವೈದ್ಯರನ್ನು ಕೇಳದೆ ಬಳಸದಿರುವುದು ಒಳ್ಳೆಯದು.

ಬಾಯಿಗೆ ಮಾತ್ರ ಯಾರೂ ಹಾಕಿಕೊಳ್ಳಬಾರದು. ಸಕ್ಕರೆಗೆ ಎರಡು ಹನಿ ಹಾಕಿ ತಿನ್ನುವವರನ್ನು, ಬಿಸಿನೀರಿಗೆ ಬೆರೆಸಿ ಕುಡಿಯುವವರನ್ನು ನಾನು ನೋಡಿದ್ದೇನೆ. ಜರ್ಮನಿಯಲ್ಲಿ ಸಿನಿಯೋಲನ್ನು ಮಾತ್ರೆಯಾಗಿ ಕೊಡುತ್ತಾರೆ ಎಂಬುದು ನಿಜ. ಅದು ಶುದ್ಧಗೊಳಿಸಿ, ಮಿಲಿಗ್ರಾಂ ಲೆಕ್ಕದಲ್ಲಿ ಅಳೆದು ಮಾಡಿದ ಔಷಧ. ಸೀಸೆಯ ಎಣ್ಣೆಗೆ ಆ ಲೆಕ್ಕ ಅನ್ವಯಿಸುವುದಿಲ್ಲ.

ಕರ್ಪೂರದ ಬಗ್ಗೆ ಎರಡು ಮಾತು

ನಮ್ಮ ಕಡೆ ಮಗುವಿಗೆ ಕೆಮ್ಮು, ಕಫ ಎಂದೊಡನೆ ಅಜ್ಜಿಯರು ಮಾಡುವ ಮೊದಲ ಕೆಲಸ ಕೊಬ್ಬರಿ ಎಣ್ಣೆಗೆ ಕರ್ಪೂರದ ಬಿಲ್ಲೆ ಹಾಕಿ ಬಿಸಿ ಮಾಡುವುದು. ಎದೆ, ಬೆನ್ನು, ಅಂಗಾಲಿಗೆ ತಿಕ್ಕಿ ಬೆಚ್ಚಗೆ ಸುತ್ತಿ ಮಲಗಿಸುತ್ತಾರೆ. ಇದರ ಹಿಂದಿರುವ ಪ್ರೀತಿ ದೊಡ್ಡದು. ಆದರೆ ಬಿಲ್ಲೆ ಎಷ್ಟು, ಎಣ್ಣೆ ಎಷ್ಟು ಎಂಬ ಲೆಕ್ಕ ಯಾರ ಬಳಿಯೂ ಇರುವುದಿಲ್ಲ. ಅಮೆರಿಕದಲ್ಲಿ ಶೇ. 20ರಷ್ಟು ಕರ್ಪೂರ ಬೆರೆತ ಎಣ್ಣೆಯನ್ನು ಮಕ್ಕಳು ನುಂಗಿ ಅನಾಹುತಗಳಾದ ಮೇಲೆ 1980ರ ದಶಕದ ಆರಂಭದಲ್ಲಿ ಆ ಎಣ್ಣೆಯ ಮಾರಾಟವನ್ನೇ ನಿಲ್ಲಿಸಿದರು. ಹಚ್ಚುವ ಔಷಧಿಗಳಲ್ಲಿ ಕರ್ಪೂರ ಶೇ. 11ನ್ನು ಮೀರಬಾರದೆಂದು ನಿಯಮ ಮಾಡಿದರು. ನಮ್ಮ ಸೌಟಿನಲ್ಲಿ ಒಂದೆರಡು ಚಮಚ ಎಣ್ಣೆಗೆ ಎರಡು ಬಿಲ್ಲೆ ಕರಗಿಸಿದರೆ ಆ ಮಿತಿ ದಾಟುವುದು ಕಷ್ಟವೇನಲ್ಲ.

ಪೂಜೆಯ ಕರ್ಪೂರ ಈಗ ಹೆಚ್ಚಾಗಿ ಪೈನ್ ಮರದ ಟರ್ಪಂಟೈನ್‌ನಿಂದ ಕಾರ್ಖಾನೆಯಲ್ಲಿ ತಯಾರಾಗುತ್ತದೆ. ಅದು ಆರತಿಗೆ ಮಾಡಿದ್ದು, ಔಷಧಿಯ ಶುದ್ಧತೆಗೆ ಮಾಡಿದ್ದಲ್ಲ. ಮಗುವಿನ ತೂಕದ ಪ್ರತಿ ಕಿಲೋಗೆ 30 ಮಿಲಿಗ್ರಾಂಗಿಂತ ಹೆಚ್ಚು ಕರ್ಪೂರ ಹೊಟ್ಟೆಗೆ ಹೋದರೆ ಆಸ್ಪತ್ರೆಗೆ ಒಯ್ಯಲೇಬೇಕೆಂಬುದು ವಿಷವೈದ್ಯ ತಜ್ಞರ ಮಾತು. ಹತ್ತು ಕಿಲೋ ಮಗುವಿಗೆ ಅದು 300 ಮಿಲಿಗ್ರಾಂ, ಅಂದರೆ ಒಂದು ಗ್ರಾಮಿನ ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆ. ಸುಮಾರು ಒಂದು ಗ್ರಾಂ ಕರ್ಪೂರ ಎಳೆಮಕ್ಕಳ ಪ್ರಾಣ ತೆಗೆದ ಉದಾಹರಣೆಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಕಲ್ಲುಸಕ್ಕರೆಯಂತೆ ಕಾಣುವ ಬಿಲ್ಲೆಯನ್ನು ಅಂಬೆಗಾಲಿಡುವ ಮಗು ಬಾಯಿಗೆ ಹಾಕಿಕೊಳ್ಳಲು ಎಷ್ಟು ಹೊತ್ತು ಬೇಕು?

ಕೋವಿಡ್ ಸಮಯದಲ್ಲಿ ಕರ್ಪೂರ, ಓಮ, ಲವಂಗಗಳನ್ನು ಗಂಟು ಕಟ್ಟಿ ಮೂಸಿದರೆ ರಕ್ತದ ಆಮ್ಲಜನಕ ಏರುತ್ತದೆಂಬ ಮಾತು ಮೊಬೈಲ್‌ಗಳಲ್ಲಿ ಹರಿದಾಡಿತು. ಅದಕ್ಕೆ ಆಧಾರವಿರಲಿಲ್ಲ. ಅಂತಹ ಗಂಟನ್ನು ಹಸುಗೂಸಿನ ತೊಟ್ಟಿಲಿಗೆ, ಕುತ್ತಿಗೆಗೆ ಕಟ್ಟುವುದು ಈಗಲೂ ಕೆಲವೆಡೆ ನಡೆದಿದೆ. ದಯವಿಟ್ಟು ಬಿಚ್ಚಿಡಿ.

ಫಿಟ್ಸ್ ಇರುವವರು ಗಮನಿಸಿ

ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ನರರೋಗ ತಜ್ಞರ ನೇತೃತ್ವದಲ್ಲಿ ಹಲವು ಆಸ್ಪತ್ರೆಗಳು ಕೂಡಿ ನಾಲ್ಕು ವರ್ಷ ನಡೆಸಿದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಫಿಟ್ಸ್ ಬಂದು ದಾಖಲಾದ ವಯಸ್ಕರನ್ನು ಅವರು ಒಂದು ಸರಳ ಪ್ರಶ್ನೆ ಕೇಳಿದರು: ಫಿಟ್ಸ್‌ಗೆ ಮೊದಲು ಇಂಥ ಎಣ್ಣೆ, ಮುಲಾಮು ಏನಾದರೂ ಬಳಸಿದ್ದಿರಾ? 55 ಮಂದಿಯಲ್ಲಿ ಸಂಬಂಧ ಕಂಡುಬಂತು. ಅವರಲ್ಲಿ 33 ಮಂದಿ ಮೊದಲೇ ಮೂರ್ಛೆರೋಗ ಇದ್ದವರು. ಉಳಿದ 22 ಮಂದಿಗೆ ಹಿಂದೆಂದೂ ಫಿಟ್ಸ್ ಬಂದಿರಲಿಲ್ಲ. ಎಲ್ಲರೂ ಬಳಸಿದ್ದ ಪದಾರ್ಥಗಳಲ್ಲಿ ಸಾಮಾನ್ಯವಾಗಿ ಇದ್ದದ್ದು ನೀಲಗಿರಿ ಮತ್ತು ಕರ್ಪೂರ.

ಇದರಿಂದ ಹೆದರಬೇಕಾಗಿಲ್ಲ. ತಲೆನೋವಿಗೆ ಹಣೆಗೆ ಚೂರು ಮುಲಾಮು ಹಚ್ಚಿದವರಲ್ಲಿ ಬಹುಮಂದಿಗೆ ಏನೂ ಆಗುವುದಿಲ್ಲ. ಆದರೆ ಮೂರ್ಛೆರೋಗಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿರುವವರು, ಚಿಕ್ಕಂದಿನಲ್ಲಿ ಜ್ವರದ ಫಿಟ್ಸ್ ಬಂದ ಮಕ್ಕಳು ಇವೆರಡರಿಂದಲೂ ದೂರ ಇರುವುದು ಕ್ಷೇಮ. ಮಾತ್ರೆ ಸರಿಯಾಗಿ ತೆಗೆದುಕೊಂಡರೂ ಫಿಟ್ಸ್ ಬರುತ್ತಿದ್ದರೆ, ಮನೆಯಲ್ಲಿ ಬಳಸುವ ಮುಲಾಮು, ಎಣ್ಣೆಗಳ ಹೆಸರನ್ನೂ ನಿಮ್ಮ ವೈದ್ಯರಿಗೆ ಹೇಳಿ. ಅವರು ಕೇಳದಿದ್ದರೂ ನೀವೇ ಹೇಳಿ.

ಎರಡು ವರ್ಷದೊಳಗಿನ ಮಗುವಿಗೆ

ಎರಡು ವರ್ಷ ತುಂಬದ ಮಗುವಿಗೆ ನೀಲಗಿರಿ ಎಣ್ಣೆ, ಕರ್ಪೂರದ ಎಣ್ಣೆ, ನೆಗಡಿಯ ಮುಲಾಮು ಯಾವುದೂ ಬೇಡ. ಎದೆಗೂ ಬೇಡ, ಅಂಗಾಲಿಗೂ ಬೇಡ, ದಿಂಬಿಗೂ ಬೇಡ. ಹಸುಗೂಸಿನ ಮೂಗಿನ ಬಳಿ ಈ ಘಾಟು ಬಂದರೆ ಗಂಟಲ ದ್ವಾರ ಸೆಟೆದುಕೊಂಡು ಉಸಿರೇ ನಿಲ್ಲಬಹುದು.

ಬರಿಯ ಕೊಬ್ಬರಿ ಎಣ್ಣೆಯಿಂದ ಮಗುವಿನ ಮೈಯನ್ನು ಹಗುರವಾಗಿ ನೀವಲು ಅಡ್ಡಿಯಿಲ್ಲ. ಅದನ್ನು ಸಹ ಮೂಗಿಗೆ, ಕಿವಿಗೆ ಬಿಡಬಾರದು. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕಿಳಿದು ಒಂದು ಬಗೆಯ ನ್ಯುಮೋನಿಯಾ ತರುತ್ತದೆ. ಸಾಮಾನ್ಯ ಔಷಧಿಗೆ ಅದು ಬೇಗ ಬಗ್ಗುವುದಿಲ್ಲ.

ಹಾಗಾದರೆ ನೆಗಡಿಯಾದ ಮಗುವಿಗೆ ಏನು ಮಾಡಬೇಕು? ಎದೆಹಾಲನ್ನು ಸ್ವಲ್ಪ ಸ್ವಲ್ಪವಾಗಿ, ಹೆಚ್ಚು ಸಲ ಕುಡಿಸಿ. ಔಷಧಿ ಅಂಗಡಿಯಲ್ಲಿ ಸಿಗುವ ಉಪ್ಪುನೀರಿನ ಹನಿಯನ್ನು ಮೂಗಿಗೆ ಬಿಟ್ಟು ಸಿಂಬಳ ಒರೆಸಿ. ವರ್ಷ ತುಂಬಿದ ಮಗುವಿಗೆ ಕೆಮ್ಮಿದ್ದರೆ ರಾತ್ರಿ ಅರ್ಧ ಚಮಚ ಜೇನುತುಪ್ಪ ಕೊಡಬಹುದು. ವರ್ಷದೊಳಗಿನ ಮಗುವಿಗೆ ಜೇನು ಬೇಡ.

ಜೊತೆಗೆ ಉಸಿರನ್ನು ಎಣಿಸಿ. ಮಗು ಅಳದೆ ಮಲಗಿರುವಾಗ ಅಂಗಿ ಎತ್ತಿ, ಗಡಿಯಾರ ನೋಡುತ್ತಾ ಒಂದು ನಿಮಿಷ ಪೂರ್ತಿ ಎಣಿಸಬೇಕು. ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60 ಅಥವಾ ಹೆಚ್ಚು, ಎರಡು ತಿಂಗಳಿಂದ ಒಂದು ವರ್ಷದವರೆಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದವರೆಗೆ 40 ಅಥವಾ ಹೆಚ್ಚು ಇದ್ದರೆ ಅದು ಬರಿಯ ನೆಗಡಿಯಲ್ಲ. ಉಸಿರೆಳೆದಾಗ ಪಕ್ಕೆಯ ಕೆಳಭಾಗ ಒಳಕ್ಕೆ ಸೆಳೆದುಕೊಂಡರೆ, ಮಗು ಹಾಲು ಕುಡಿಯದಿದ್ದರೆ, ಮಂಕಾಗಿದ್ದರೆ ಬೆಳಗಾಗಲೆಂದು ಕಾಯಬೇಡಿ. ಎಷ್ಟೋ ಮಕ್ಕಳ ನ್ಯುಮೋನಿಯಾ ಕರ್ಪೂರದ ಎಣ್ಣೆಯ ಕೆಳಗೆ ಎರಡು ಮೂರು ದಿನ ಮುಚ್ಚಿಹೋಗಿರುತ್ತದೆ. ಹಚ್ಚುವುದರಿಂದ ಆಗುವ ಕೆಡುಕಿನಷ್ಟೇ ದೊಡ್ಡ ಕೆಡುಕು ಈ ವಿಳಂಬ.

ನುಂಗಿಬಿಟ್ಟರೆ ಏನು ಮಾಡಬೇಕು?

ಕೆಲವು ವರ್ಷಗಳ ಹಿಂದೆ ಎರಡೂವರೆ ವರ್ಷದ ಮಗುವೊಂದನ್ನು ಸಂಜೆ ಹೊತ್ತಿನಲ್ಲಿ ಎತ್ತಿಕೊಂಡು ಬಂದರು. ಕರೆಂಟು ಹೋಗಿದ್ದಾಗ ಕೆಮ್ಮಿನ ಸಿರಪ್ ಎಂದುಕೊಂಡು ಮನೆಯವರು ಒಂದು ಚಮಚ ನೀಲಗಿರಿ ಎಣ್ಣೆ ಕುಡಿಸಿದ್ದರು. ಎರಡೂ ಕಂದು ಸೀಸೆ, ಎರಡೂ ಒಂದೇ ಗೂಡಿನಲ್ಲಿದ್ದವು. ಬಸ್ಸಿಗೆ ಕಾಯದೆ ನೆರೆಯವರ ಬೈಕಿನಲ್ಲಿ ಬಂದಿದ್ದರು. ಆ ಹೊತ್ತಿಗಾಗಲೇ ಮಗುವಿನ ಉಸಿರಿನಲ್ಲಿ ವಾಸನೆ, ಕಣ್ಣೆಳೆಯುವ ನಿದ್ದೆ. ಸೀಸೆಯನ್ನೂ ತಂದಿದ್ದರಿಂದ ಏನಾಗಿದೆ ಎಂದು ಹುಡುಕುವ ಸಮಯ ಉಳಿಯಿತು. ದೊಡ್ಡ ಆಸ್ಪತ್ರೆಯಲ್ಲಿ ಒಂದು ರಾತ್ರಿ ಆಮ್ಲಜನಕದ ಮೇಲಿದ್ದು ಮಗು ಬದುಕಿಕೊಂಡಿತು. ಮಗುವಿನ ತಾಯಿಗೆ ‘ವಾಂತಿ ಮಾಡಿಸಿ’ ಎಂದು ದಾರಿಯುದ್ದಕ್ಕೂ ಹೇಳಿದವರಿದ್ದರಂತೆ. ಆಕೆ ಮಾಡಿಸಲಿಲ್ಲ. ಅದು ಒಳ್ಳೆಯದಾಯಿತು.

ಈ ಕ್ರಮವನ್ನು ಮನೆಮಂದಿಯೆಲ್ಲ ತಿಳಿದಿರಬೇಕು.

ವಾಂತಿ ಮಾಡಿಸಬೇಡಿ. ಹೊರಬರುವ ಎಣ್ಣೆ ಶ್ವಾಸಕೋಶಕ್ಕೆ ನುಗ್ಗುತ್ತದೆ. ಹಾಲು, ಎಳನೀರು, ಹುಣಸೆನೀರು, ಕೊಬ್ಬರಿ ಎಣ್ಣೆ ಏನನ್ನೂ ಕುಡಿಸಬೇಡಿ. ಬಾಯಲ್ಲಿ ಉಳಿದಿರುವುದನ್ನು ಬಟ್ಟೆಯಿಂದ ಒರೆಸಿ ತೆಗೆಯಿರಿ. ಮೈಮೇಲೆ ಚೆಲ್ಲಿದ್ದರೆ ಸೋಪು, ನೀರಿನಿಂದ ತೊಳೆಯಿರಿ.

108ಕ್ಕೆ ಕರೆ ಮಾಡಿ, ಇಲ್ಲವೇ ಸಿಕ್ಕ ವಾಹನದಲ್ಲಿ ಹತ್ತಿರದ ಆಸ್ಪತ್ರೆಗೆ ಹೊರಡಿ. ಸೀಸೆ ಅಥವಾ ಕರ್ಪೂರದ ಡಬ್ಬಿ ಜೊತೆಗಿರಲಿ. ‘ಚೆನ್ನಾಗಿಯೇ ಆಡಿಕೊಂಡಿದೆಯಲ್ಲ’ ಎಂದು ಮನೆಯಲ್ಲಿ ಕೂರಬೇಡಿ. ಕರ್ಪೂರದ ವಿಷದಲ್ಲಿ ಎಷ್ಟೋ ಸಲ ಮೊದಲ ಲಕ್ಷಣವೇ ಫಿಟ್ಸ್. ಅದು ಐದು ನಿಮಿಷದಲ್ಲಿ ಬರಬಹುದು, ಒಂದೂವರೆ ಗಂಟೆಯ ನಂತರವೂ ಬರಬಹುದು.

ದಾರಿಯಲ್ಲಿ ಫಿಟ್ಸ್ ಬಂದರೆ ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ. ಕೈಗೆ ಕಬ್ಬಿಣ ಕೊಡುವುದು, ಈರುಳ್ಳಿ ಮೂಸಿಸುವುದು, ಹಲ್ಲಿನ ನಡುವೆ ಚಮಚ ತುರುಕುವುದು ಯಾವುದೂ ಬೇಡ.

ಇಂದೇ ಮಾಡಬಹುದಾದ ಕೆಲಸ

ಈ ಲೇಖನ ಓದಿ ಮುಗಿಸಿದ ಮೇಲೆ ನಿಮ್ಮ ಮನೆಯ ಗೂಡನ್ನು ಒಮ್ಮೆ ನೋಡಿ. ನೀಲಗಿರಿ ಎಣ್ಣೆ, ಲವಂಗದ ಎಣ್ಣೆ, ಮುಲಾಮು, ಕರ್ಪೂರ ಇವಿಷ್ಟನ್ನೂ ಕುಡಿಯುವ ಔಷಧಿಗಳಿಂದ ಬೇರೆ ಮಾಡಿ. ಸೀಸೆಯ ಮೇಲೆ ದಪ್ಪ ಅಕ್ಷರದಲ್ಲಿ ‘ಹಚ್ಚಲು ಮಾತ್ರ’ ಎಂದು ಬರೆದು ಅಂಟಿಸಿ. ಓದಲು ಬಾರದ ಹಿರಿಯರು ಮನೆಯಲ್ಲಿದ್ದರೆ ಸೀಸೆಯ ಕುತ್ತಿಗೆಗೆ ಕೆಂಪು ದಾರ ಕಟ್ಟಿ, ಕೆಂಪು ದಾರ ಇದ್ದದ್ದು ಬಾಯಿಗಲ್ಲ ಎಂದು ಹೇಳಿಕೊಡಿ. ದೇವರ ಮನೆಯ ಕರ್ಪೂರದ ಡಬ್ಬಿಗೂ ಬಿಗಿ ಮುಚ್ಚಳ ಬೇಕು. ಎಲ್ಲವೂ ಮಗು ಕುರ್ಚಿ ಹತ್ತಿದರೂ ಎಟುಕದ ಎತ್ತರಕ್ಕೆ, ಸಾಧ್ಯವಾದರೆ ಬೀಗದೊಳಕ್ಕೆ ಹೋಗಲಿ.

ಕೊಬ್ಬರಿ ಎಣ್ಣೆ ಎಂದಿನಂತೆ ಕೈಗೆ ಸಿಗುವ ಜಾಗದಲ್ಲೇ ಇರಲಿ. ಅದನ್ನು ಅಂಗೈಯಲ್ಲಿ ಅಳೆಯಿರಿ, ನೀಲಗಿರಿಯನ್ನು ಹನಿಯಲ್ಲಿ ಎಣಿಸಿ. ಈ ವ್ಯತ್ಯಾಸವನ್ನು ಅಜ್ಜಿಯಿಂದ ಮೊಮ್ಮಗಳವರೆಗೆ ಮನೆಯಲ್ಲಿ ಎಲ್ಲರೂ ತಿಳಿದಿದ್ದರೆ, ಎರಡು ಎಣ್ಣೆಗಳೂ ಒಂದೇ ಮನೆಯಲ್ಲಿ ನೆಮ್ಮದಿಯಿಂದ ಇರಬಹುದು.